ಭಾನುವಾರಕ್ಕೆ ಮುಂಚೆ ಲ್ಯಾಪ್‌ಟಾಪ್ ಸಿದ್ಧ ಮಾಡಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿರುವ) ಸಾಫ್ಟ್‌ವೇರ್‌ಗಳ ಕೋಡ್ ಮತ್ತು ಕನ್ನಡ ಅನುವಾದದ ಕೆಲಸಕ್ಕಾಗಿ ಭಾನುವಾರ ಬೆಳಿಗ್ಗೆ 10ಕ್ಕೆ ದಾವಣಗೆರೆ ವಿದ್ಯಾನಗರದಲ್ಲಿ ಸೇರುತ್ತೇವೆ. ಹರಿಹರ, ಚಿತ್ರದುರ್ಗದಿಂದ ಬರುವವರಿಗಾಗಿ ಲೊಕೇಶನ್ ಮತ್ತೆ ಹಾಕುತ್ತೇನೆ.

ಕೋಡ್‌ನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ ಅನ್ನು ಮನೆಯಲ್ಲೇ ಇನ್‌ಸ್ಟಾಲ್ ಮಾಡಿಕೊಂಡು ಬನ್ನಿ. ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿ ಖಾತೆ ತೆರೆದು ಎರಡು ಹಂತದ ಲಾಗಿನ್ ಹಾಕಿಕೊಳ್ಳಿ. ರಿಕವರಿ ಕೋಡ್‌ಗಳನ್ನು ಬರೆದಿಟ್ಟುಕೊಳ್ಳಿ, ಫೋನ್ ಕಳೆದರೆ ಅವೇ ಗತಿ.

ಆಮೇಲೆ ಗಿಟ್‌ಗೆ ನಿಮ್ಮ ಹೆಸರು, ಇಮೇಲ್ ಕೊಡಬೇಕು. ಇಲ್ಲಿ ಅವಸರ ಬೇಡ. ಆ ಇಮೇಲ್ ಪ್ರತಿ ಕಮಿಟ್ (ನೀವು ದಾಖಲಿಸುವ ಬದಲಾವಣೆ) ಜೊತೆ ಹೋಗುತ್ತದೆ, ಯಾರು ಬೇಕಾದರೂ ನೋಡಬಹುದು. ಒಮ್ಮೆ ಬೇರೆಯವರ ಪ್ರತಿಗಳಿಗೆ ಸೇರಿತೆಂದರೆ ಅಳಿಸುವುದು ತುಂಬಾ ಕಷ್ಟ. ಗಿಟ್‌ಹಬ್ ಇಮೇಲ್ ಸೆಟ್ಟಿಂಗ್ಸ್‌ನಲ್ಲಿ ವಿಳಾಸವನ್ನು ಗುಟ್ಟಾಗಿಡುವ ಆಯ್ಕೆ ಇದೆ. ಅದನ್ನು ಆನ್ ಮಾಡಿದರೆ 'ನೋರಿಪ್ಲೈ' ಅಂತ ಇರುವ ವಿಳಾಸ ಸಿಗುತ್ತದೆ. ಅದನ್ನೇ ಕೊಡಿ. ವಿದ್ಯಾರ್ಥಿಗಳು ಇದನ್ನು ದಯವಿಟ್ಟು ತಪ್ಪಿಸಬೇಡಿ.

ಮೊಬೈಲ್ ಡೇಟಾದಲ್ಲಿ ದೊಡ್ಡ ಪ್ರಾಜೆಕ್ಟ್ ಇಳಿಸುವವರು ಕ್ಲೋನ್ ಮಾಡುವಾಗ (ಅದರ ಪ್ರತಿ ಇಳಿಸಿಕೊಳ್ಳುವಾಗ) ಡೆಪ್ತ್ 1 (--depth 1) ಅಂತ ಕೊಡಿ. ಹಳೆಯ ಇತಿಹಾಸ ಬಿಟ್ಟು ಈಗಿನ ಕೋಡ್ ಮಾತ್ರ ಬರುತ್ತದೆ. ಶುರುವಿಗೆ ಅಷ್ಟು ಸಾಕು. ಮೇನ್ ಬ್ರ್ಯಾಂಚ್ (ಕೋಡ್‌ನ ಮುಖ್ಯ ಕವಲು) ಮುಟ್ಟದೆ ಪ್ರತಿ ಕೆಲಸಕ್ಕೂ ಬೇರೆ ಬ್ರ್ಯಾಂಚ್ ಮಾಡಿಕೊಳ್ಳಿ.

ಕೋಡ್ ಬರೆಯಲು ಬಾರದವರೂ ಖಂಡಿತ ಬನ್ನಿ. ಫೈರ್‌ಫಾಕ್ಸ್ ಬ್ರೌಸರ್‌ನ ಅನುವಾದ ಪಾಂಟೂನ್ ಎಂಬ ತಾಣದಲ್ಲಿ, ಲಿಬ್ರೆಆಫೀಸ್ ಎಂಬ ಆಫೀಸ್ ಸಾಫ್ಟ್‌ವೇರ್‌ನದು ವೆಬ್ಲೇಟ್ ಎಂಬ ತಾಣದಲ್ಲಿ ನಡೆಯುತ್ತದೆ. ಎರಡಕ್ಕೂ ಬ್ರೌಸರ್ ಸಾಕು. ನನಗಂತೂ ಕನ್ನಡದ ಕೆಲಸ ಕೋಡ್‌ಗಿಂತ ಕಡಿಮೆ ಅಲ್ಲ. ನಮ್ಮ ಅಪ್ಪ ಅಮ್ಮಂದಿರು ಬಳಸುವ ಮೆನುಗಳು ಇವೇ ಅಲ್ವಾ?

ಎರರ್ ಬಂದರೆ ಸ್ಕ್ರೀನ್ ಫೋಟೋ ಬೇಡ, ಪೂರ್ತಿ ಸಂದೇಶವನ್ನು ಕಾಪಿ ಮಾಡಿ ಇಲ್ಲೇ ಹಾಕಿ. ಶನಿವಾರ ರಾತ್ರಿಯೊಳಗೆ ಕೇಳಿದವರಿಗೆಲ್ಲ ಉತ್ತರ ಕೊಡುತ್ತೇನೆ. ಚಾರ್ಜರ್ ತನ್ನಿ.