ಪ್ರಬಂಧಕ್ಕೆ ಒಪ್ಪಿಗೆ ಸಿಕ್ಕ ಸಂದರ್ಭದಲ್ಲಿ

ಸ್ಪಿನ್ ಸರಪಳಿಗಳಲ್ಲಿ (ಸಾಲಾಗಿ ಜೋಡಿಸಿದ ಪುಟ್ಟ ಕ್ವಾಂಟಂ ಕಾಂತಗಳಲ್ಲಿ) ಕ್ವಾಂಟಂ ಎಂಟ್ಯಾಂಗಲ್‌ಮೆಂಟ್, ಅಂದರೆ ಬಿಡಿಬಿಡಿಯಾಗಿ ವಿವರಿಸಲಾಗದ ಪರಸ್ಪರ ಹೆಣಿಗೆ, ಹೇಗೆ ಬೆಳೆಯುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡಿದ ನನ್ನ ಪಿಎಚ್‌.ಡಿ. ಪ್ರಬಂಧಕ್ಕೆ ಕಳೆದ ವಾರ ಒಪ್ಪಿಗೆ ದೊರೆಯಿತು. ಅದರ ಮೊದಲ ಪುಟಗಳಲ್ಲಿ ಇಂಗ್ಲಿಷಿನಲ್ಲಿ ಸಲ್ಲಿಸಿದ ವಂದನೆ ತೀರಾ ಚುಟುಕಾಯಿತೆನಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ಋಣ ಮಾರ್ಗದರ್ಶಕರದು. ಕೇವಲ 40 ಸ್ಪಿನ್‌ಗಳ ಸ್ಥಿತಿಯನ್ನು ಇಡಿಯಾಗಿ ಬರೆದಿಡಲು ಒಂದು ಲಕ್ಷ ಕೋಟಿಗೂ ಮಿಕ್ಕ ಸಂಕೀರ್ಣ ಸಂಖ್ಯೆಗಳು, ಅಂದರೆ 17 ಟೆರಾಬೈಟಿಗೂ ಹೆಚ್ಚು ಮೆಮೊರಿ ಬೇಕು. ಸ್ಟೀವನ್ ವೈಟ್ 1992ರಲ್ಲಿ ಮಂಡಿಸಿದ, ಸ್ಥಿತಿಯ ಮುಖ್ಯ ಭಾಗಗಳನ್ನಷ್ಟೇ ಉಳಿಸಿಕೊಂಡು ಲೆಕ್ಕ ಹಾಕುವ ಡಿಎಂಆರ್‌ಜಿ ವಿಧಾನ ನೂರಾರು ಸ್ಪಿನ್‌ಗಳ ತಳಮಟ್ಟದ (ಅತಿ ಕಡಿಮೆ ಶಕ್ತಿಯ) ಸ್ಥಿತಿಯನ್ನು ಸಾಮಾನ್ಯ ಕಂಪ್ಯೂಟರಿನಲ್ಲೇ ಕಂಡುಕೊಳ್ಳುವುದು, ಅಂಥ ಸ್ಥಿತಿಗಳಲ್ಲಿ ಎಂಟ್ಯಾಂಗಲ್‌ಮೆಂಟ್ ಕಡಿಮೆ ಇರುವುದರಿಂದ. ಈ ಕಾರಣವನ್ನು ಮನದಟ್ಟು ಮಾಡಿಕೊಳ್ಳುವವರೆಗೆ ಅವರು ನನಗೆ ಪ್ರೋಗ್ರಾಂ ಮುಟ್ಟಲು ಬಿಡಲಿಲ್ಲ. ಆಮೇಲೂ, ಒಂದು ಹಂತದಿಂದ ಇನ್ನೊಂದಕ್ಕೆ ಹೊರಳುವ ಸಂಕ್ರಮಣ ಬಿಂದುವಿನಲ್ಲಿರುವ ಐಸಿಂಗ್ ಸರಪಳಿಯ (ಸ್ಪಿನ್ ಸರಪಳಿಯ ಒಂದು ಸರಳ ಮಾದರಿ) ಎಂಟ್ರೊಪಿ, ಅಂದರೆ ಎಂಟ್ಯಾಂಗಲ್‌ಮೆಂಟಿನ ಅಳತೆ, ಸಿದ್ಧಾಂತ ಹೇಳುವಂತೆ ಉದ್ದದ ಲಾಗರಿದಮ್ಮಿಗೆ ತಕ್ಕಂತೆ ಏರುವುದನ್ನು, ತುದಿಗಳು ತೆರೆದಿರುವಾಗ ಆ ಏರಿಕೆಯ ಗುಣಕ 1/12 ಆಗುವುದನ್ನು ತೋರಿಸಿದ ಮೇಲೆಯೇ ಹೊಸ ಲೆಕ್ಕಕ್ಕೆ ಅನುಮತಿ.

ಪ್ರಯೋಗಾಲಯದ ಹಿರಿಯ ಗೆಳತಿಯ ಋಣ ಬೇರೆ ಬಗೆಯದು. ವ್ಯವಸ್ಥೆಯನ್ನು ಥಟ್ಟನೆ ಕದಲಿಸಿ ಬಿಟ್ಟರೆ ಎಂಟ್ರೊಪಿ ಸಾಮಾನ್ಯವಾಗಿ ಕಾಲಕ್ಕೆ ಅನುಪಾತವಾಗಿ ಏರುತ್ತದೆ, ಅದಕ್ಕೆ ಬೇಕಾದ ಬಾಂಡ್ ಡೈಮೆನ್ಷನ್ (ಸರಪಳಿಯ ಎರಡು ಭಾಗಗಳ ನಡುವಿನ ಹೆಣಿಗೆಯನ್ನು ಬರೆದಿಡಲು ಉಳಿಸಿಕೊಳ್ಳುವ ಪದಗಳ ಸಂಖ್ಯೆ) ಘಾತೀಯವಾಗಿ ಹಿಗ್ಗುತ್ತದೆ. ನಾವು ಅದನ್ನು 1024ಕ್ಕೆ ನಿಲ್ಲಿಸಿದರೆ ಎಂಟ್ರೊಪಿ 1024ರ ಸ್ವಾಭಾವಿಕ ಲಾಗರಿದಮ್ಮಾದ 6.93ನ್ನು ದಾಟಲು ಸಾಧ್ಯವೇ ಇಲ್ಲ. ಅದಕ್ಕೂ ಮೊದಲೇ ವಕ್ರರೇಖೆ ಬಾಗಿ, ನೋಡಿದವರಿಗೆ ವ್ಯವಸ್ಥೆ ಸಮಸ್ಥಿತಿಗೆ ಬಂದಂತೆ ತೋರುತ್ತದೆ. ಆಕೆ ನನ್ನ ಪ್ರತಿಯೊಂದು ನಕ್ಷೆಯ ಮೇಲೂ ಆ ಎತ್ತರದಲ್ಲಿ ಕೆಂಪು ಪೆನ್ನಿನಿಂದ ಅಡ್ಡಗೆರೆ ಎಳೆದು, ಅದರ ಹತ್ತಿರ ಸುಳಿದ ಬಿಂದುಗಳನ್ನೆಲ್ಲ ನಿರ್ದಾಕ್ಷಿಣ್ಯವಾಗಿ ಹೊಡೆದುಹಾಕುತ್ತಿದ್ದಳು. ಪ್ರಬಂಧದ ನಾಲ್ಕನೆಯ ಅಧ್ಯಾಯ ಅಷ್ಟು ತೆಳ್ಳಗಿರುವುದಕ್ಕೂ ನಂಬಲರ್ಹವಾಗಿರುವುದಕ್ಕೂ ಆ ಪೆನ್ನೇ ಕಾರಣ.

ಐಟೆನ್ಸರ್ ಮತ್ತು ಟೆನ್‌ಪೈ ತಂತ್ರಾಂಶಗಳನ್ನು ಮುಕ್ತವಾಗಿ ಹಂಚಿದವರಿಗೆ, ಸರದಿಯಲ್ಲಿ ಸಿಕ್ಕಿಬಿದ್ದ ನನ್ನ ಕೆಲಸಗಳನ್ನು ಅಪರಾತ್ರಿಯಲ್ಲೂ ಬಿಡಿಸಿಕೊಟ್ಟ ಕಂಪ್ಯೂಟರ್ ಕೇಂದ್ರದ ಸಿಬ್ಬಂದಿಗೆ, ಏನು ಓದುತ್ತಿದ್ದೀಯ ಎಂದು ನೆಂಟರು ಕೇಳಿದಾಗಲೆಲ್ಲ ನನ್ನ ಪರವಾಗಿ ಏನೋ ಒಂದು ಉತ್ತರ ಹೊಂದಿಸಿದ ಅಮ್ಮನಿಗೆ ವಂದನೆಗಳು.

ಕೊನೆಯದಾಗಿ ಪರೀಕ್ಷಕರಿಗೆ. ತೀವ್ರ ಅವ್ಯವಸ್ಥೆಯಿರುವ (ಜಾಗದಿಂದ ಜಾಗಕ್ಕೆ ಯದ್ವಾತದ್ವಾ ಬದಲಾಗುವ) ಸರಪಳಿಗಳಲ್ಲಿ ಎಂಟ್ರೊಪಿ ಲಾಗರಿದಮ್ಮಿನಷ್ಟು ನಿಧಾನವಾಗಿ ಏರಿ, ಬಾಂಡ್ ಡೈಮೆನ್ಷನ್ ಬೇಗ ಹಿಗ್ಗದಿರುವಾಗ ಇನ್ನೂ ದೀರ್ಘ ಕಾಲದವರೆಗೆ ಏಕೆ ಲೆಕ್ಕ ಹಾಕಲಿಲ್ಲ ಎಂದು ಅವರು ಕೇಳಿದ ಪ್ರಶ್ನೆ ನ್ಯಾಯವಾದದ್ದು. ಆ ಲೆಕ್ಕ ಈಗ ನಡೆಯುತ್ತಿದೆ.