ಬರೆದುಕೊಟ್ಟವಳು ಬದುಕಿದ್ದಾಳೆಯೇ?

ಮಾನ್ಯರೇ,

ಗಂಡ ಹೆಂಡತಿಯನ್ನು ಕೊಂದ ಸುದ್ದಿ ಬಂದಾಗಲೆಲ್ಲ ಪತ್ರಿಕೆಗಳು ತಲೆಬರಹದಲ್ಲಿ ‘ಕೌಟುಂಬಿಕ ಕಲಹ’ ಎಂದು ಹಾಕುತ್ತವೆ. ನಿಮ್ಮದೂ ಹೊರತಲ್ಲ. ಕೆಳಗೆ ಓದುತ್ತ ಹೋದರೆ ಎಷ್ಟೋ ಸಲ ಸಿಗುವುದು ಮುಚ್ಚಿಟ್ಟ ಸಾಲ, ಹೇಳದೆ ಅಡವಿಟ್ಟ ಒಡವೆ, ಹೆಂಡತಿ ಹೆಸರಿನ ಸೈಟು. ಮೂವತ್ತು ವರ್ಷ ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರು ಕೂತು ದಸ್ತಾವೇಜು ಬರೆದವನು ನಾನು. ಕೊಲೆಗಾರರ ಮನಸ್ಸು ನನಗೆ ತಿಳಿಯದು, ಕಾಗದ ತಿಳಿಯುತ್ತದೆ.

ಬೆಂಗಳೂರಿನ ರಿಚ್‌ಮಂಡ್ ರಸ್ತೆಯ ಪ್ರಕರಣ ಹಳಬರಿಗೆ ನೆನಪಿರಬೇಕು. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲರ ಮೊಮ್ಮಗಳು ಶಾಕಿರೆ ಖಲೀಲಿ. ಮೊದಲ ಗಂಡನಿಂದ ಬಿಡುಗಡೆ ಪಡೆದು, ಸ್ವಾಮಿ ಶ್ರದ್ಧಾನಂದ ಎಂದು ಕರೆಸಿಕೊಳ್ಳುತ್ತಿದ್ದ ಮುರಳಿ ಮನೋಹರ ಮಿಶ್ರನನ್ನು 1986ರಲ್ಲಿ ಮದುವೆಯಾದರು. ಅವನ ಹೆಸರಿಗೆ ಜಿಪಿಎ, ಅಂದರೆ ತನ್ನ ಪರವಾಗಿ ಆಸ್ತಿಯ ವ್ಯವಹಾರ ನಡೆಸುವ ಅಧಿಕಾರಪತ್ರ, ಬರೆದುಕೊಟ್ಟರು. 1991ರ ಮೇ ಕಳೆಯುವಷ್ಟರಲ್ಲಿ ಆಕೆ ಇಲ್ಲ. ಮಗಳು ಕೇಳಿದಾಗಲೆಲ್ಲ ಅವನದು ಒಂದೊಂದು ಉತ್ತರ. ಒಮ್ಮೆ ಅಮೆರಿಕದ ಆಸ್ಪತ್ರೆಯಲ್ಲಿದ್ದಾಳೆ ಎಂದ. ವಿಚಾರಿಸಿದರೆ ಅಲ್ಲಿ ಆ ಹೆಸರಿನವರೇ ಇಲ್ಲ. 1992ರಲ್ಲಿ ಅಶೋಕನಗರ ಠಾಣೆಗೆ ದೂರು ಹೋಯಿತು. 1994ರ ಮಾರ್ಚ್‌ನಲ್ಲಿ ಮನೆಯಂಗಳ ಅಗೆಸಿದಾಗ ಮರದ ಪೆಟ್ಟಿಗೆ ಸಿಕ್ಕಿತು, ಒಳಗೆ ಅಸ್ಥಿಪಂಜರ.

ಕಥೆ ಹೇಳುವವರೆಲ್ಲ ಆ ಪೆಟ್ಟಿಗೆಯ ಬಳಿ ನಿಂತುಬಿಡುತ್ತಾರೆ. ನನ್ನನ್ನು ಕಾಡುವುದು ನಡುವಿನ ಮೂರು ವರ್ಷ. ಆಕೆ ಅಂಗಳದಡಿ ಇದ್ದಾಗಲೇ ಅವನು ಅದೇ ಜಿಪಿಎ ಹಿಡಿದು ಆಕೆಯ ಆಸ್ತಿ ಮಾರಿದ, ಬ್ಯಾಂಕಿನ ವ್ಯವಹಾರ ನಡೆಸಿದ. ಬರೆದುಕೊಟ್ಟವರು ಸತ್ತ ಗಳಿಗೆಗೇ ಇಂಥ ಜಿಪಿಎ ಬಿದ್ದುಹೋಗುತ್ತದೆ. 1872ರ ಕರಾರು ಕಾಯ್ದೆಯ 201ನೇ ಕಲಮು ಹೇಳುವುದು ಅದನ್ನೇ. ಸತ್ತಿದ್ದನ್ನು ತಿಳಿಸಬೇಕಾದವರು ಯಾರು? ಕಾಗದ ಕೈಯಲ್ಲಿ ಹಿಡಿದವನು!

ಅವನಿಗೆ ಗಲ್ಲೋ ಜೀವಾವಧಿಯೋ ಎಂಬ ಚರ್ಚೆ ಸುಪ್ರೀಂ ಕೋರ್ಟ್ ತನಕ ಹೋಯಿತು. 2008ರಲ್ಲಿ, ಸಾಯುವ ತನಕ ಜೈಲು, ಶಿಕ್ಷೆಯ ಅವಧಿಯಲ್ಲಿ ರಿಯಾಯಿತಿ ಇಲ್ಲ ಎಂದಾಯಿತು. ಆ ತೀರ್ಪನ್ನು ವಕೀಲರು ಇವತ್ತಿಗೂ ಉದಾಹರಿಸುತ್ತಾರೆ. ಜಿಪಿಎ ಬಗ್ಗೆ ಅಷ್ಟು ಮಾತಾಡಿದವರನ್ನು ನಾನು ಕಂಡಿಲ್ಲ.

ಜಿಪಿಎ ಬರೆಸುವ ಗಂಡ ಹೆಂಡಿರನ್ನು ಎಷ್ಟೋ ನೋಡಿದ್ದೇನೆ. ಗಂಡ ಕುರ್ಚಿ ಎಳೆದು ಕೂರುತ್ತಾನೆ, ಆಕೆ ಅವನ ಹಿಂದೆ ನಿಲ್ಲುತ್ತಾಳೆ. ಬರೆದದ್ದನ್ನು ಓದಿ ಹೇಳಲು ಹೊರಟರೆ ಅವನಿಗೆ ಅವಸರ, ಮಧ್ಯಾಹ್ನದೊಳಗೆ ಟೋಕನ್ ಬರಬೇಕು. “ಎಲ್ಲಿ ಸೈನ್ ಮಾಡ್ಲಿ ರೀ?” ಎಂದು ಆಕೆ ಕೇಳುವುದು ಅವನನ್ನು. ಒಮ್ಮೆ ಒಬ್ಬಾಕೆಗೆ, “ಓದಿ ನೋಡಮ್ಮ, ಇದರಲ್ಲಿ ಮಾರೋ ಅಧಿಕಾರಾನೂ ಸೇರಿದೆ” ಅಂದೆ. ಆಕೆ ಗಂಡನ ಮುಖ ನೋಡಿ ನಾಚಿಕೊಂಡಳು, ನಾನೇನೋ ಅವರ ಸಂಸಾರಕ್ಕೆ ಕಲ್ಲು ಹಾಕಿದೆ ಅನ್ನುವ ಹಾಗೆ. ಆ ಗಂಡ ಆಮೇಲೆ ನನ್ನ ಟೇಬಲ್ಲಿಗೆ ಬರಲಿಲ್ಲ, ಪಕ್ಕದವನ ಹತ್ತಿರ ಬರೆಸಿದ. (ಹೆಂಡತಿಯಿಂದ ಮೋಸ ಹೋದ ಗಂಡಂದಿರೂ ಇದ್ದಾರೆ, ಇಲ್ಲವೆನ್ನುವುದಿಲ್ಲ. ನಾನು ನೋಡಿದ್ದರಲ್ಲಿ ಹಿಂದೆ ನಿಂತವರು ಹೆಚ್ಚಾಗಿ ಹೆಂಗಸರು.)

ಜಿಪಿಎ ಇದ್ದ ಮಾತ್ರಕ್ಕೆ ಸ್ವತ್ತಿನ ಒಡೆತನ ಬರುವುದಿಲ್ಲ ಎಂದು 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಒಳ್ಳೆಯದಾಯಿತು. ಆದರೆ ಬರೆದುಕೊಟ್ಟವರ ಪರವಾಗಿ ಕ್ರಯಪತ್ರಕ್ಕೆ ಸಹಿ ಹಾಕುವುದು ಈಗಲೂ ನಡೆಯುತ್ತದೆ. ನಡೆಯಲೂ ಬೇಕು, ಹೊರದೇಶದ ಮಕ್ಕಳು, ಹಾಸಿಗೆ ಹಿಡಿದ ಹಿರಿಯರು ಅದಿಲ್ಲದೆ ಏನು ಮಾಡಿಯಾರು?

ನಮ್ಮಣ್ಣ ನಿವೃತ್ತ ಮೇಷ್ಟರು. ಪ್ರತಿ ನವೆಂಬರಿನಲ್ಲಿ ಮಂಡಿನೋವಿನ ಕಾಲೆಳೆದುಕೊಂಡು ಬ್ಯಾಂಕಿಗೆ ಹೋಗಿ, ನಾನಿನ್ನೂ ಸತ್ತಿಲ್ಲ ಎಂದು ತೋರಿಸಿ ಬರುತ್ತಾರೆ. ಆಗಲೇ ಮುಂದಿನ ತಿಂಗಳ ಪಿಂಚಣಿ. ಕೋಟಿ ಬೆಲೆಯ ಮನೆ ಮಾರುವಾಗ ನನ್ನ ಕಾಲದಲ್ಲಿ ನಂಬುತ್ತಿದ್ದದ್ದು ಜಿಪಿಎ ಹಿಡಿದು ಬಂದವನ ಬಾಯಿಮಾತನ್ನೇ. ಕಂಪ್ಯೂಟರು ಬಂದ ಮೇಲೆ ಎದುರಿಗೆ ಕೂತವರ ಫೋಟೊ, ಹೆಬ್ಬೆಟ್ಟು ಹಿಡಿಯುತ್ತಾರೆ. ಬಾರದೆ ಇದ್ದವಳದ್ದು?

ನೋಂದಣಿ ಇಲಾಖೆಗೆ ನನ್ನ ಕೋರಿಕೆ ಎರಡೇ. ಜಿಪಿಎ ಮೇಲೆ ಸ್ವತ್ತು ಮಾರುವ ದಿನ ಬರೆದುಕೊಟ್ಟವರನ್ನು ವಿಡಿಯೊ ಕರೆಯಲ್ಲಾದರೂ ನೋಡಿ, ಒಪ್ಪಿಗೆ ಕೇಳಿ, ಆಮೇಲೆ ಮೊಹರು ಹಾಕಲಿ. ಹೆಂಡತಿ ಗಂಡನಿಗೆ ಜಿಪಿಎ ಕೊಡುವಾಗ ಅವನನ್ನು ಐದು ನಿಮಿಷ ಹೊರಗೆ ಕೂರಿಸಿ, ಅದರಲ್ಲಿ ಏನೇನಿದೆ, ಬೇಡವಾದರೆ ರದ್ದತಿ ಪತ್ರ ನೋಂದಾಯಿಸುವುದು ಹೇಗೆ ಎಂದು ಆಕೆಗೆ ಹೇಳಲಿ.

ಇದನ್ನೆಲ್ಲ ಆಗಲೇ ಕೇಳಬೇಕಿತ್ತು. ಜಿಪಿಎ ಹಿಡಿದು ಬಂದವರಿಗೆ ನಾನೂ ಕ್ರಯಪತ್ರ ಬರೆದುಕೊಟ್ಟಿದ್ದೇನೆ. ಛಾಪಾ ಕಾಗದದ ದುಡ್ಡು ತಂದಿದ್ದೀರಾ, ಸಾಕ್ಷಿಗೆ ಯಾರು ಬಂದಿದ್ದಾರೆ ಎಂದು ಕೇಳಿದ್ದೇನೆ. ಆಯಮ್ಮ ಹೇಗಿದ್ದಾರೆ ಎಂದು ಒಬ್ಬರನ್ನೂ ಕೇಳಿದ ನೆನಪಿಲ್ಲ.

— ನಿವೃತ್ತ ದಸ್ತಾವೇಜು ಬರಹಗಾರ, ತುಮಕೂರು