ಯುದ್ಧಭೂಮಿಯ ಮೇಲೆ ಬಾಜಿ ಕಟ್ಟುವುದನ್ನು ನಿಲ್ಲಿಸಿ: ನಮ್ಮ ಸಂಸದರಿಗೊಂದು ಬಹಿರಂಗ ಪತ್ರ

ಮೈಸೂರು-ಕೊಡಗು ಕ್ಷೇತ್ರದ ಸಂಸದರಾದ ಯದುವೀರ್ ಕೃಷ್ಣದತ್ತ ಚಾಮರಾಜ ಒಡೆಯರ್ ಅವರಿಗೆ ನಮಸ್ಕಾರಗಳು.

ಐಪಿಎಲ್ ಬೆಟ್ಟಿಂಗ್ ಬಗ್ಗೆ ನೀವು ಕೇಳಿರುತ್ತೀರಿ. ನಾನು ಬರೆಯುತ್ತಿರುವುದು ಅದಕ್ಕಿಂತ ಕೆಟ್ಟದ್ದರ ಬಗ್ಗೆ. ಯುದ್ಧ ನಡೆಯುತ್ತಿರುವಾಗಲೇ ಯಾವ ಊರು, ಯಾವ ಗುಡ್ಡ ಯಾರ ಕೈಗೆ ಹೋಗುತ್ತದೆ ಅಂತ ದುಡ್ಡು ಕಟ್ಟುವ ದಂಧೆ ಇದು. ಪಾಲಿಮಾರ್ಕೆಟ್ ಎಂಬ ವಿದೇಶಿ ತಾಣದಲ್ಲಿ ಇದು ರಾಜಾರೋಷವಾಗಿ ನಡೆಯುತ್ತಿದೆ.

ಅಲ್ಲಿ ಒಂದು ಪ್ರಶ್ನೆ ಇರುತ್ತದೆ. 'ಇಂಥ ತಾರೀಖಿನೊಳಗೆ ರಷ್ಯಾ ಈ ಊರನ್ನು ಹಿಡಿಯುತ್ತದಾ?' ಕೆಳಗೆ 'ಹೌದು', 'ಇಲ್ಲ' ಅಂತ ಎರಡು ಬಟನ್. 'ಹೌದು' ಅನ್ನುವುದರ ರೇಟು 20 ಸೆಂಟ್ ಇದ್ದಾಗ ಕೊಂಡರೆ, ಊರು ಬಿದ್ದ ಮೇಲೆ 1 ಡಾಲರ್ ಕೈಗೆ ಬರುತ್ತದೆ. ಬೀಳದಿದ್ದರೆ ಹಾಕಿದ್ದೂ ಹೋಯಿತು. ಹಣ ಓಡಾಡುವುದು ಕ್ರಿಪ್ಟೊ ಎಂಬ ಡಿಜಿಟಲ್ ನಾಣ್ಯದಲ್ಲಿ. ಆ ಊರಿನಲ್ಲಿ ಇನ್ನೂ ಜನ ಇದ್ದಾರೆ. ನೆಲಮಾಳಿಗೆಯಲ್ಲಿ ಕೂತು ಜೀವ ಹಿಡಿದುಕೊಂಡಿದ್ದಾರೆ. ಅವರ ಊರು ಬೇಗ ಬೀಳಲಿ ಅಂತ ಯಾರೋ ಎಲ್ಲೋ ಕಾಯುತ್ತಿರುತ್ತಾರೆ.

2025ರ ನವೆಂಬರ್‌ನಲ್ಲಿ ಉಕ್ರೇನಿನ ಮಿರ್ನೊಹ್ರಾಡ್ ಎಂಬ ಊರಿನ ಮೇಲೆ ಇಂಥದ್ದೇ ಬಾಜಿ ಇತ್ತು. ತೀರ್ಪಿಗೆ ಆಧಾರ ವಾಷಿಂಗ್ಟನ್‌ನ ಒಂದು ಯುದ್ಧ ಅಧ್ಯಯನ ಸಂಸ್ಥೆ ದಿನಾ ಹೊರತರುವ ನಕ್ಷೆ. ಅದರಲ್ಲಿ ಊರಿನ ಒಂದು ರಸ್ತೆ ಕೂಡುವ ಜಾಗ ರಷ್ಯಾದ ಬಣ್ಣಕ್ಕೆ ತಿರುಗಿತು. 'ಹೌದು' ಅಂದವರು ಗೆದ್ದರು. ಆಮೇಲೆ ನೋಡಿದರೆ ಆ ಬಣ್ಣವೇ ಮಾಯ. ನಕ್ಷೆಯನ್ನು ಅನುಮತಿ ಇಲ್ಲದೆ ತಿದ್ದಲಾಗಿತ್ತು ಅಂತ ಸಂಸ್ಥೆಯೇ ಹೇಳಿತು. ಯುದ್ಧದ ಸುದ್ದಿ ತಿಳಿಯಲು ಜಗತ್ತೇ ನೋಡುವ ನಕ್ಷೆಯ ಗತಿ ಇದು!

ನನ್ನನ್ನು ಹೆದರಿಸಿದ್ದು ಮಾತ್ರ ಅದರ ನಂತರದ ಸುದ್ದಿ. 2026ರ ಜನವರಿಯಲ್ಲಿ ಅಮೆರಿಕದ ಸೇನೆ ವೆನೆಜುವೆಲಾದ ಅಧ್ಯಕ್ಷ ಮಡುರೋ ಅವರನ್ನು ಹಿಡಿಯುವ ಸ್ವಲ್ಪ ಮುಂಚೆ, ಅವರು ಅಧಿಕಾರ ಕಳೆದುಕೊಳ್ಳುತ್ತಾರೆ ಅಂತ ಅದೇ ತಾಣದಲ್ಲಿ ಒಂದು ಹೊಸ ಖಾತೆಯಿಂದ ಬಾಜಿ ಬಿತ್ತು. ಅದಕ್ಕೆ ಬಂದ ಲಾಭ 4 ಲಕ್ಷ ಡಾಲರ್‌ಗೂ ಹೆಚ್ಚು. ಮುಂದಿನ ತಿಂಗಳು ಇಸ್ರೇಲ್‌ನಲ್ಲಿ ಸೇನೆಯ ಗುಟ್ಟಿನ ಮಾಹಿತಿ ಬಳಸಿ ಬಾಜಿ ಕಟ್ಟಿದ ಆರೋಪ ಒಬ್ಬ ಮೀಸಲು ಯೋಧನ ಮೇಲೆ, ಇನ್ನೊಬ್ಬ ನಾಗರಿಕನ ಮೇಲೆ ಬಂತು. ಅಂದರೆ ಸೇನೆಯ ಗುಟ್ಟಿಗೆ ಈಗ ಬಹಿರಂಗ ಗಿರಾಕಿ ಸಿಕ್ಕಿದ್ದಾನೆ.

ಸರ್, ನನ್ನ ತಮ್ಮ ಸೈನ್ಯದಲ್ಲಿದ್ದಾನೆ. ಎಲ್ಲಿದ್ದೀನಿ ಅಂತ ಅವನು ಫೋನಿನಲ್ಲಿ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಆದರೂ ಕೆಲವು ವಿಷಯ ಮನೆಗೆ ತಿಳಿದೇ ತಿಳಿಯುತ್ತದೆ. ಪುತ್ತರಿ ಹಬ್ಬಕ್ಕೆ ಹಾಕಿದ್ದ ರಜೆ ಕ್ಯಾನ್ಸಲ್ ಆಗುತ್ತದೆ. 'ಸ್ವಲ್ಪ ದಿನ ಫೋನ್ ಮಾಡಲ್ಲ, ಅಮ್ಮನಿಗೆ ಹೇಳು' ಅನ್ನುತ್ತಾನೆ. ಪಕ್ಕದ ಮನೆಯ ಹುಡುಗನ ಫೋನೂ ಅದೇ ವಾರ ಸ್ವಿಚ್ ಆಫ್. ಕೊಡಗಿನಲ್ಲಿ ಇಂಥ ಮನೆಗಳು ಎಷ್ಟಿವೆ ಅಂತ ನಿಮಗೆ ಹೇಳಬೇಕಾಗಿಲ್ಲ. ಮದುವೆ ಮನೆಯಲ್ಲಿ, ಸಂತೆಯಲ್ಲಿ ಈ ಮಾತು ಸುಮ್ನೆ ಬಂದು ಹೋಗುತ್ತದೆ. ಇಷ್ಟು ದಿನ ಅದಕ್ಕೆ ಬೆಲೆ ಇರಲಿಲ್ಲ. ನಾಳೆ ನಮ್ಮ ಗಡಿಯ ಒಂದು ಶಿಖರದ ಮೇಲೆ ಬಾಜಿ ಶುರುವಾದರೆ ಇದೇ ಮಾತಿಗೆ ಡಾಲರ್ ಸಿಗುತ್ತದೆ. ಒಂದೇ ಕಡೆಯಿಂದ ದುಡ್ಡು ಬಿದ್ದು ರೇಟು ದಿಢೀರನೆ ಏರಿದರೆ, ಅದನ್ನು ಶತ್ರುವೂ ನೋಡುತ್ತಿರುತ್ತಾನೆ ಅಲ್ವಾ?

ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ತಿಮ್ಮಯ್ಯನವರು ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ, 1948ರ ನವೆಂಬರ್ 1ರಂದು, ಕಾಶ್ಮೀರದಿಂದ ಲಡಾಖ್‌ಗೆ ಹೋಗುವ ಜೋಜಿಲಾ ಪಾಸ್‌ಗೆ ಟ್ಯಾಂಕ್ ಹತ್ತಿಸಿದರು. ಅಷ್ಟು ಎತ್ತರಕ್ಕೆ, ಆ ಹಿಮದಲ್ಲಿ ಟ್ಯಾಂಕ್ ಬರುತ್ತದೆ ಅಂತ ಎದುರಾಳಿ ಕನಸಿನಲ್ಲೂ ಎಣಿಸಿರಲಿಲ್ಲ. ಟ್ಯಾಂಕ್‌ಗಳ ಟರೆಟ್ (ತೋಪು ಇರುವ ಮೇಲ್ಭಾಗ) ಕಳಚಿ, ಯಾರಿಗೂ ಸುಳಿವು ಸಿಗದ ಹಾಗೆ ಪಾಸ್‌ನ ಬುಡದ ಬಾಲ್ತಲ್‌ವರೆಗೆ ಸಾಗಿಸಿದ್ದರು. ಲೇಹ್ ಕಡೆಯ ದಾರಿ ತೆರೆದದ್ದು ಆ ಗುಟ್ಟು ಉಳಿದದ್ದರಿಂದ. ದಾರಿ ಮಾಡಿದವರು, ಲಾರಿ ಓಡಿಸಿದವರು, ಅಡುಗೆಯವರು, ಇವರಲ್ಲಿ ಒಬ್ಬರ ಕೈಯಲ್ಲಿ ಈಗಿನ ಫೋನ್ ಇದ್ದು, 'ಜೋಜಿಲಾ ನವೆಂಬರ್‌ನೊಳಗೆ ಭಾರತದ ಕೈಗೆ ಬರುತ್ತದಾ?' ಅನ್ನುವ ಬಾಜಿ ತೆರೆದಿದ್ದರೆ ಏನಾಗುತ್ತಿತ್ತು, ಯೋಚಿಸಿ.

ಜನ ಹಾಕುವ ದುಡ್ಡಿನಿಂದ ಮುಂದೇನಾಗುತ್ತದೆ ಅಂತ ತಿಳಿಯುತ್ತದೆ, ಅದರಿಂದ ಉಪಯೋಗವಿದೆ ಅಂತ ವಾದಿಸುವವರಿದ್ದಾರೆ. ಚುನಾವಣೆಗೆ, ಬಡ್ಡಿ ದರಕ್ಕೆ ಅದು ಹೊಂದಬಹುದು. ಯುದ್ಧಕ್ಕೆ ನಾನು ಒಪ್ಪಲಾರೆ. 2003ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯೇ ಇಂಥದ್ದೊಂದು ಮಾರುಕಟ್ಟೆ ಮಾಡಲು ಹೊರಟಿತ್ತು. ಇಬ್ಬರು ಸೆನೆಟರ್‌ಗಳು ಅದನ್ನು ಬಯಲಿಗೆಳೆದ ಕೂಡಲೇ ಯೋಜನೆ ಕೈಬಿಟ್ಟರು. ಇಬ್ಬರು ಜನಪ್ರತಿನಿಧಿಗಳು ದನಿ ಎತ್ತಿದ್ದಕ್ಕೆ ಆದ ಕೆಲಸ ಅದು.

ನಿಮ್ಮ ಸಂಸತ್ತು 2025ರ ಆಗಸ್ಟ್‌ನಲ್ಲಿ ಆನ್‌ಲೈನ್ ಗೇಮಿಂಗ್ ಕಾಯ್ದೆ ತಂದಿತು. ದುಡ್ಡಿನ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಒಳ್ಳೆಯ ಕಾಯ್ದೆ. ಆದರೆ ಈ ತಾಣಗಳು ತಮ್ಮದು ಆಟವೇ ಅಲ್ಲ, ವ್ಯಾಪಾರ ಅನ್ನುತ್ತವೆ. ಆಡುವವನಿಗೆ ಆ ಕಾಯ್ದೆಯಲ್ಲಿ ಶಿಕ್ಷೆಯೂ ಇಲ್ಲ. ಸಾಲ ಮಾಡಿ ರಮ್ಮಿ ಆಡಿ ಸೋತ ಹುಡುಗನಿಗೆ ಶಿಕ್ಷೆ ಬೇಡ ಅನ್ನುವುದು ಸರಿ. ಸೇನೆಯ ಗುಟ್ಟು ತಿಳಿದು ಬಾಜಿ ಕಟ್ಟುವವನಿಗೂ ಅದೇ ವಿನಾಯಿತಿ ಯಾಕೆ? ಗುಟ್ಟು ಬಿಟ್ಟುಕೊಟ್ಟವನಿಗೆ 1923ರ ಅಧಿಕೃತ ರಹಸ್ಯಗಳ ಕಾಯ್ದೆ ಇದೆ, ನಿಜ. ಮೊಬೈಲ್‌ನಲ್ಲಿ 'ಹೌದು' ಒತ್ತುವುದೂ ಗುಟ್ಟು ಬಿಟ್ಟುಕೊಟ್ಟಂತೆ ಅಂತ ಕಾನೂನು ಬಾಯಿಬಿಟ್ಟು ಹೇಳಬೇಕು.

ಹಾಗಾಗಿ ಮುಂದಿನ ಅಧಿವೇಶನದಲ್ಲಿ ನೀವು ಈ ಪ್ರಶ್ನೆ ಎತ್ತಬೇಕು. ಯುದ್ಧ, ಸೇನಾ ಕಾರ್ಯಾಚರಣೆ, ನೆಲದ ಹಿಡಿತದ ಮೇಲಿನ ಬಾಜಿಯನ್ನು ಹೆಸರಿಟ್ಟು ನಿಷೇಧಿಸಲು ತಿದ್ದುಪಡಿ ಕೇಳಿ. ಸೈನಿಕರಿಗೂ ಅವರ ಮನೆಯವರಿಗೂ ರಕ್ಷಣಾ ಸಚಿವಾಲಯದಿಂದ ಸ್ಪಷ್ಟ ಸೂಚನೆ ಬರಲಿ, ಅದು ನಮ್ಮ ಭಾಷೆಯಲ್ಲೂ ಇರಲಿ. ನಮ್ಮ ಅಮ್ಮನಂಥವರಿಗೆ ಅರ್ಥವಾಗಬೇಕಲ್ಲ.

ಅದಕ್ಕೂ ಮೊದಲು ಒಮ್ಮೆ ಗೋಣಿಕೊಪ್ಪಕ್ಕೆ ಬಂದು ಮಾಜಿ ಸೈನಿಕರ ಜೊತೆ ಕೂತು ಮಾತಾಡಿ. ದಿನ ತಿಳಿಸಿದರೆ ಸಾಕು, ಅವರನ್ನೆಲ್ಲ ಸೇರಿಸುವ ಕೆಲಸ ನಾವು ಮಾಡುತ್ತೇವೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರಳು,
ಗೋಣಿಕೊಪ್ಪ